ಕ್ಯಾಂಟೀನಿಗೆ ಎರಡು

ತೃಪ್ತಿ ಪಡುವುದು ಹೇಗೆ ಅಂತ ನಮಗೆ ಒಂದು ದಿನ ಮೊದಲೇ ಪಾಠ ಮಾಡಿದರು.

ಕೋರ್ಸು ಮುಗಿಸಿ ಹೊರಡುವವರಿಗೆ ನಮ್ಮ ವಿಶ್ವವಿದ್ಯಾಲಯದಲ್ಲಿ ಕೊನೆಯದೊಂದು ಕೆಲಸ ಬಾಕಿ ಇರುತ್ತದೆ. ಇಲ್ಲಿ ಕಳೆದ ದಿನಗಳು ಎಷ್ಟು ತೃಪ್ತಿ ಕೊಟ್ಟವು ಎಂದು ಅಂಕ ಹಾಕಿ ಹೇಳಬೇಕು. ಪಾಠಕ್ಕೆ, ಪ್ರಯೋಗಾಲಯಕ್ಕೆ, ಗ್ರಂಥಾಲಯಕ್ಕೆ, ಬಸ್ಸಿಗೆ, ಕ್ಯಾಂಟೀನಿಗೆ, ಹೀಗೆ ಎಲ್ಲದಕ್ಕೂ ಒಂದರಿಂದ ಐದರವರೆಗೆ. ಒಂದು ಅಂದರೆ ತೀರಾ ಕಳಪೆ, ಐದು ಅಂದರೆ ಬಲು ಚೆನ್ನ. ಹೆಸರು ಬರೆಯುವ ಹಾಗಿಲ್ಲ. ಹಾಳೆಯನ್ನು ಬೀಗ ಹಾಕಿದ ಪೆಟ್ಟಿಗೆಗೆ ಹಾಕಬೇಕು, ಬೀಗದ ಕೈ ಕುಲಸಚಿವರ ಹತ್ತಿರ. ಪೆಟ್ಟಿಗೆಯೊಳಗೆ ಕೈಹಾಕಲು ಆಗುವುದಿಲ್ಲವಲ್ಲ, ಅದಕ್ಕೇ ನಮ್ಮ ತಲೆಯೊಳಗೆ ಕೈಹಾಕುತ್ತಿದ್ದರು.

ಪಾಠ ಮಾಡಿದವರು ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕರು. ಅಂಕಿಅಂಶದ ಮೇಲೆ ಅವರಿಗಿದ್ದ ಮೋಹ ನೋಡಿ ಹುಡುಗರು ಅವರನ್ನು ಸರಾಸರಿ ಸರ್ ಅಂತ ಕರೆಯುತ್ತಿದ್ದರು. ಸೆಮಿನಾರ್ ಹಾಲಿನ ಪರದೆಯ ಮೇಲೆ ಹಾಳೆಯ ಚಿತ್ರ ಹಾಕಿ, ಕೋಲು ಹಿಡಿದು ಒಂದೊಂದೇ ಸಾಲು ತೋರಿಸುತ್ತಾ ಹೋದರು.

"ಪಾಠಕ್ಕೆ ಐದು. ಪ್ರಯೋಗಾಲಯಕ್ಕೆ ಐದು. ಗ್ರಂಥಾಲಯಕ್ಕೆ ನಾಲ್ಕು ಹಾಕಿದ್ರೂ ನಡೆಯುತ್ತೆ, ಸಹಜವಾಗಿ ಕಾಣುತ್ತೆ. ಕ್ಯಾಂಟೀನಿಗೆ ಎರಡು."

"ಅದ್ಯಾಕೆ ಸರ್ ಎರಡು?" ಹಿಂದಿನಿಂದ ಯಾರೋ ಕೇಳಿದರು.

"ಎಲ್ಲಾದಕ್ಕೂ ಐದು ಬಿದ್ರೆ ನೋಡೋರಿಗೆ ಅನುಮಾನ ಬರಲ್ವೇನಯ್ಯಾ? ಒಂದು ಕಡೆಯಾದ್ರೂ ಕಡಿಮೆ ಬೀಳಬೇಕು. ಕ್ಯಾಂಟೀನ್ ಚೆನ್ನಾಗಿಲ್ಲ ಅಂದ್ರೆ ಯಾರೂ ಯಾಕೆ ಅಂತ ಕೇಳಲ್ಲ. ಪ್ರತಿ ವರ್ಷ ಹೀಗೇ ಮಾಡ್ಕೊಂಡು ಬಂದಿದೀವಿ."

ಹಾಲಿನಲ್ಲಿ ನಗು ಎದ್ದಿತು. ಎದ್ದಷ್ಟೇ ಬೇಗ ಕುಸಿಯಿತು. ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಕಟ್ಟಡದ ನೆಲಮಾಳಿಗೆಯಲ್ಲಿರುವ ಆ ಕ್ಯಾಂಟೀನು ನಡೆಸುವವಳು ನನ್ನ ಅಮ್ಮ. ಹಿಂದಿನ ವರ್ಷದವರು ಯಾರೂ ಈ ಗುಟ್ಟನ್ನು ನನ್ನ ಕಿವಿಗೆ ಹಾಕಿರಲಿಲ್ಲ. ನನ್ನ ಮುಖ ನೋಡಿಕೊಂಡು ಹೇಳುವುದಾದರೂ ಹೇಗೆ?

ಸಮೀಕ್ಷೆ ಮುಗಿದ ಮೇಲೆ ಫಲಿತಾಂಶವನ್ನು ಬಣ್ಣದ ಪಟ್ಟಿಗಳ ಚಾರ್ಟು ಮಾಡಿ ಮೆಟ್ಟಿಲ ಬಳಿ ಅಂಟಿಸುತ್ತಾರೆ. ಎಲ್ಲ ಹಸಿರು, ಕ್ಯಾಂಟೀನೊಂದು ಕೆಂಪು. ಅಮ್ಮ ಕೈಯೊರೆಸಿಕೊಳ್ಳುತ್ತಾ ಬಂದು ಅದರ ಮುಂದೆ ನಿಲ್ಲುತ್ತಿದ್ದಳು. ಅವಳು ಅದನ್ನು ನಂಬಿದ್ದಳು! ಮೊದಲ ಕೆಂಪಿಗೆ ಚಹಾಪುಡಿ ಬದಲಾಯಿಸಿದಳು. ಎರಡನೆಯದಕ್ಕೆ ಬಡಗಿಯನ್ನು ಕರೆಸಿ ಅಲುಗಾಡುವ ಬೆಂಚುಗಳನ್ನೆಲ್ಲ ಸರಿಮಾಡಿಸಿದಳು, ಕಿಟಕಿಗೆ ಪರದೆ ಹಾಕಿದಳು. ಮೂರನೆಯದಕ್ಕೆ ಅಂಗಡಿಯ ಬನ್ನು ಬಿಟ್ಟು, ಬೆಳಕು ಹರಿಯುವ ಮೊದಲೇ ಎದ್ದು ತಾನೇ ಬನ್ನು ಸುಡತೊಡಗಿದಳು. ಆದರೂ ಕೆಂಪು. ಆಮೇಲೆ ಅವಳಿಗೆ ತನ್ನ ಮುಖದ ಮೇಲೇ ಅನುಮಾನ ಬಂತು. ಒಂದು ದಿನ ಬಚ್ಚಲ ಕನ್ನಡಿಯ ಮುಂದೆ ಅವಳು ನಗುವುದನ್ನು ಅಭ್ಯಾಸ ಮಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಡೀ ವಿಶ್ವವಿದ್ಯಾಲಯದಲ್ಲಿ ಆ ಸಮೀಕ್ಷೆಯನ್ನು ನೋಡಿ ತನ್ನನ್ನು ತಿದ್ದಿಕೊಂಡವಳು ಅವಳೊಬ್ಬಳೇ. ಅವಳ ಅಂಕವೇ ಸುಳ್ಳಾಗಿತ್ತು.

ಈ ವರ್ಷವಂತೂ ಕೆಂಪು ಬಂದರೆ ಮುಗಿಯಿತು. ಸರಾಸರಿ ಮೂರು ದಾಟದಿದ್ದರೆ ಕ್ಯಾಂಟೀನಿನ ಗುತ್ತಿಗೆ ರದ್ದು, ಆ ಜಾಗದಲ್ಲಿ ಗುಂಡಿ ಒತ್ತಿದರೆ ಚಹಾ ಸುರಿಸುವ ಯಂತ್ರ ಇಡುತ್ತೇವೆ ಅಂತ ಆಡಳಿತದವರು ಅಮ್ಮನಿಗೆ ನೋಟಿಸು ಕೊಟ್ಟಿದ್ದರು.

ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಂತೆ.

"ಸರ್, ಒಂದು ಕಡೆ ಕಡಿಮೆ ಬೀಳಲೇಬೇಕು ಅಂದ್ರೆ ಪ್ರಯೋಗಾಲಯಕ್ಕೆ ಹಾಕೋಣ. ಸೂಕ್ಷ್ಮದರ್ಶಕಗಳ ಮೇಲಿನ ಪ್ಲಾಸ್ಟಿಕ್ಕನ್ನ ನಾವು ಇನ್ನೂ ತೆಗೆದೇ ಇಲ್ಲ."

ಯಾರೋ ಕಿಸಕ್ಕೆಂದರು. ಸರ್ ಕೋಲನ್ನು ಮೇಜಿನ ಮೇಲಿಟ್ಟು, "ನೀನು ನನ್ನ ರೂಮಿಗೆ ಬಾ" ಅಂದರು.

ರೂಮಿನಲ್ಲಿ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನನ್ನ ಬಾಯಿಯೂ ಸಿದ್ಧವಾಗಿತ್ತು. ಕುರ್ಚಿ ತೋರಿಸಿ, ಗಂಟಲು ಸರಿಮಾಡಿಕೊಂಡು, ಬಹಳ ಮೆತ್ತಗೆ ಮಾತಾಡಿದರು.

"ನೀನು ಆಯಮ್ಮನ ಮಗಳು ಅಂತ ನಂಗೆ ಗೊತ್ತಿರಲಿಲ್ಲಮ್ಮ. ಮೊದ್ಲೇ ಹೇಳೋದಲ್ವಾ? ಕ್ಯಾಂಟೀನಿಗೆ ಐದು ಹಾಕಿಸ್ತೀನಿ. ಎರಡನ್ನ ಬಸ್ಸಿನ ಕಡೆ ತಳ್ಳೋಣ. ನೀನು ಮಾತ್ರ ಈ ಪ್ರಯೋಗಾಲಯದ ವಿಷಯ ಎಲ್ಲೂ ಎತ್ತಬೇಡ."

ಅಷ್ಟು ಸುಲಭ! ನಾಲ್ಕು ಮಾತಿನಲ್ಲಿ ಅಮ್ಮ ಉಳಿದುಬಿಡುತ್ತಿದ್ದಳು. "ಯೋಚನೆ ಮಾಡ್ತೀನಿ ಸರ್" ಅಂದು ಹೊರಗೆ ಬಂದೆ. ಯೋಚನೆ ಮಾಡುವುದೇನೂ ಇರಲಿಲ್ಲ. ಒಪ್ಪಿಕೊಳ್ಳಬೇಕು ಅಂತಲೇ ನನ್ನ ಮನಸ್ಸಿನಲ್ಲಿ ಇತ್ತು.

ಸಂಜೆ ಮನೆಯಲ್ಲಿ ಅಮ್ಮ ಬನ್ನಿನ ತಟ್ಟೆಗಳಿಗೆ ಎಣ್ಣೆ ಸವರುತ್ತಿದ್ದಳು. ಅವಳ ತಮ್ಮ, ಅಂದರೆ ಕ್ಯಾಂಟೀನಿನಲ್ಲಿ ಗಲ್ಲಾ ನೋಡಿಕೊಳ್ಳುವ ನನ್ನ ಮಾವ, ಕಾಲು ಚಾಚಿ ಕುಳಿತಿದ್ದ. ನಾನು ಎಲ್ಲವನ್ನೂ ಹೇಳಿದೆ. ಮಾವ ತೊಡೆ ತಟ್ಟಿಕೊಂಡು ಎದ್ದ.

"ಬಂತಲ್ಲ ದಾರಿಗೆ! ಸುಮ್ನೆ ಐದು ತಗೊಂಡು ಬಾಯಿ ಮುಚ್ಕೊಂಡಿರೋಣ ಅಕ್ಕ. ನಮ್ಮ ಗುತ್ತಿಗೆ ಉಳೀತು."

ಅಮ್ಮ ಅವನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಎಣ್ಣೆ ಬಟ್ಟೆ ಅವಳ ಕೈಯಲ್ಲೇ ನಿಂತಿತ್ತು.

"ಹಾಗಾದ್ರೆ ಮೊದಲಿನ ಚಹಾಪುಡಿಗೆ ಏನೂ ಆಗಿರ್ಲಿಲ್ವಾ?"

"ಇಲ್ಲಮ್ಮ."

"ನನ್ನ ಮುಖಕ್ಕೆ?"

ಅದಕ್ಕೂ ಏನೂ ಆಗಿರಲಿಲ್ಲ ಅಂತ ತಲೆಯಾಡಿಸಿದೆ. ಅಮ್ಮ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಅತ್ತಿದ್ದಳು ಅಂತ ಗೊತ್ತಾಯಿತು. ಆದರೆ ಬಾಗಿಲಲ್ಲಿ ನಿಂತು ಮಾತಾಡಿದವಳು ಅತ್ತವಳ ಹಾಗೆ ಮಾತಾಡಲಿಲ್ಲ.

"ಬಸ್ಸಿನ ಡ್ರೈವರು ದಿನಾ ಬೆಳಗ್ಗೆ ನನ್ನ ಹತ್ರಾನೇ ಚಹಾ ಕುಡಿಯೋದು. ಅವನ ತಲೆ ಮೇಲೆ ಎರಡು ಕೂರಿಸಿ ನಾನು ಐದು ತಗೊಳ್ಳಾ? ಮುಂದಿನ ವರ್ಷ ಅವನು ಹೆಂಡತಿ ಹತ್ರ ನನ್ನ ಬಸ್ಸಿಗೆ ಏನಾಗಿದೆ ಅಂತ ಕೇಳ್ತಾ ಕೂತ್ಕೋಬೇಕಾ?"

"ಅಕ್ಕ, ಹೊಟ್ಟೆಪಾಡು..." ಅಂತ ಮಾವ ಶುರುಮಾಡಿದ.

"ನೀನು ಸುಮ್ನಿರೋ. ನಂಗೆ ಅವರು ಹಾಕಿಸಿದ ಎರಡೂ ಬೇಡ, ಹಾಕಿಸೋ ಐದೂ ಬೇಡ. ನನ್ನ ಅಂಕ ನಂಗೆ ಬೇಕು. ಎಷ್ಟಿದ್ರೆ ಅಷ್ಟು."

"ಮೂರಕ್ಕಿಂತ ಕಡಿಮೆ ಬಂದ್ರೆ?" ನಾನು ಕೇಳಿದೆ.

"ಬಂದ್ರೆ ಹೋಗ್ತೀನಿ. ಸುಳ್ಳಿಗೆ ಹೋಗಲ್ಲ ಅಷ್ಟೇ."

ಮಾರನೆಯ ದಿನ ಪರೀಕ್ಷೆಗೆ ಹೋಗುವವರ ಹಾಗೆ ಕೊನೆಯ ವರ್ಷದವರೆಲ್ಲ ಮೊದಲು ಕ್ಯಾಂಟೀನಿಗೇ ಬಂದರು. ವಿಷಯ ಆಗಲೇ ಎಲ್ಲರ ಬಾಯಲ್ಲಿತ್ತು. ಅಮ್ಮ ಕೌಂಟರಿನ ಹಿಂದೆ ಸ್ಟೂಲು ಹತ್ತಿ ನಿಂತಳು.

"ನೋಡ್ರಪ್ಪಾ, ಇವತ್ತೂ ಚಹಾಕ್ಕೆ ದುಡ್ಡು ತಗೋತೀನಿ. ಪುಕ್ಕಟೆ ಕುಡಿಸಿ ಅಂಕ ತಗೊಂಡಳು ಅನ್ನೋ ಮಾತು ನಂಗೆ ಬೇಡ. ಕುಡಿದು ನೋಡಿ. ಚೆನ್ನಾಗಿಲ್ಲ ಅನ್ನಿಸಿದ್ರೆ ಒಂದು ಹಾಕಿ, ನಂಗೇನೂ ಬೇಜಾರಿಲ್ಲ. ಆದ್ರೆ ನಿಮ್ಮ ನಾಲಗೆ ಕೇಳ್ಕೊಂಡು ಹಾಕಿ. ಇಷ್ಟು ದೊಡ್ಡವರಾಗಿದೀರಿ, ಬಾಯಿರುಚಿನೂ ಬೇರೆಯವರು ಹೇಳಿಕೊಡಬೇಕಾ?"

ಅವಳು ಬೇರೇನೂ ಹೇಳಲಿಲ್ಲ. ಇಳಿದು ಲೋಟ ತೊಳೆಯಲು ನಿಂತಳು. ನನ್ನ ಗೆಳತಿ, ತರಗತಿಯಲ್ಲಿ ಮೂರು ವರ್ಷವೂ ಬಾಯಿ ಬಿಡದ ಕಾರಣ ಮೂಗಿ ಅಂತ ಹೆಸರು ಬಿದ್ದಿದ್ದವಳು, ಚಹಾ ಮುಗಿಸಿ ಮೆಲ್ಲನೆ ನನ್ನ ಕಿವಿಯಲ್ಲಿ ಕೇಳಿದಳು.

"ಹಾಗಾದ್ರೆ ಎಲ್ಲಾದಕ್ಕೂ ನಿಜಾನೇ ಹಾಕಬಹುದಾ?"

"ಹಾಕು" ಅಂದೆ.

ಹಾಲಿನಲ್ಲಿ ಸರ್ ಸಾಲುಗಳ ನಡುವೆ ಅಡ್ಡಾಡುತ್ತಿದ್ದರು. ನಾನು ಪ್ರಯೋಗಾಲಯಕ್ಕೆ ಒಂದು ಹಾಕಿದೆ. ಮಾರ್ಗದರ್ಶನಕ್ಕೂ ಒಂದು, ನನ್ನ ಮಾರ್ಗದರ್ಶಕರು ಯಾರು ಎಂದು ನನಗೆ ಗೊತ್ತಾದದ್ದೇ ಪ್ರಬಂಧದ ರಟ್ಟಿನ ಮೇಲೆ ಅವರ ಹೆಸರು ಅಚ್ಚಾದ ಮೇಲೆ. ಒಂದು ಪಾಠ ನಿಜಕ್ಕೂ ಚೆನ್ನಾಗಿತ್ತು, ಅದನ್ನು ನೆನೆದು ಪಾಠಕ್ಕೆ ಮೂರು ಕೊಟ್ಟೆ. ಬಸ್ಸಿಗೆ ನಾಲ್ಕು. ಕ್ಯಾಂಟೀನಿನ ಸಾಲಿಗೆ ಬಂದಾಗ ಪೆನ್ನು ಐದರ ಮೇಲೇ ಹೋಗಿ ನಿಂತಿತು. ಮಗಳಲ್ಲವೇ! ಆದರೆ ಅಮ್ಮ ಬೇಯಿಸಿದ ಮೊಟ್ಟೆ ಮಧ್ಯಾಹ್ನದ ಹೊತ್ತಿಗೆ ರಬ್ಬರಾಗಿರುತ್ತದೆ, ಅದು ಸತ್ಯ. ನಾಲ್ಕು ಹಾಕಿದೆ.

ಸರ್ ನನ್ನ ಪಕ್ಕ ನಿಂತರು. "ತಿದ್ದು" ಅಂತ ತುಟಿ ಅಲುಗಿಸದೆ ಹೇಳಿದರು.

"ಶಾಯಿ ಸರ್. ತಿದ್ದಿದ್ರೆ ಗೊತ್ತಾಗುತ್ತೆ" ಅಂತ ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಎದ್ದು ಹೋಗಿ ಹಾಳೆಯನ್ನು ಪೆಟ್ಟಿಗೆಗೆ ತೂರಿಸಿದೆ. ನನ್ನ ಹಿಂದೆಯೇ ಮೂಗಿ ಎದ್ದಳು, ಆಮೇಲೆ ಸಾಲಿಗೆ ಸಾಲೇ ಎದ್ದಿತು.

ಚಾರ್ಟು ಬರಬೇಕಾದ ದಿನ ಬರಲಿಲ್ಲ. ಅದರ ಬದಲು ಒಂದು ಪ್ರಕಟಣೆ ಬಂತು. ಒಂದು ಅಂದರೆ ಮೊದಲ ಸ್ಥಾನ ಎಂದು ವಿದ್ಯಾರ್ಥಿಗಳು ತಪ್ಪು ತಿಳಿದ ಕಾರಣ ಸಮೀಕ್ಷೆಯನ್ನು ಮತ್ತೆ ನಡೆಸಲಾಗುವುದು, ಎಲ್ಲರೂ ಹಾಲಿಗೆ ಬರತಕ್ಕದ್ದು.

ಓದಿ ನನಗೆ ನಗು ಬಂತು, ಆಮೇಲೆ ಕೋಪ ಬಂತು. ಪದವಿ ಕೊಟ್ಟು ಕಳಿಸುತ್ತಿರುವ ಮಕ್ಕಳಿಗೆ ಒಂದಕ್ಕೂ ಐದಕ್ಕೂ ವ್ಯತ್ಯಾಸ ಗೊತ್ತಿಲ್ಲ ಅಂತ ಗೋಡೆಯ ಮೇಲೆ ಅಂಟಿಸಲು ಇವರಿಗೆ ನಾಚಿಕೆಯೂ ಆಗಲಿಲ್ಲ! ಹಾಲಿಗೆ ಒಬ್ಬರೂ ಹೋಗಲಿಲ್ಲ. ಎಲ್ಲರೂ ಕ್ಯಾಂಟೀನಿನ ಬೆಂಚುಗಳ ಮೇಲೆ ಕುಳಿತರು, ಜಾಗ ಸಾಲದವರು ನೆಲದ ಮೇಲೆ ಕುಳಿತರು. ಕಾದು ಕಾದು ಕೊನೆಗೆ ಸರ್ ತಾವೇ ಮೆಟ್ಟಿಲಿಳಿದು ಬಂದರು.

"ಏಳಿ, ಏಳಿ. ಇದೇನು ತಮಾಷೆ?"

ಯಾರೂ ಏಳಲಿಲ್ಲ. ಅಮ್ಮ ಕೌಂಟರಿನಾಚೆಯಿಂದ ಕೇಳಿದಳು. "ಸರ್, ನೀವು ದಿನಾ ಎರಡು ಸಲ ಇಲ್ಲೇ ಚಹಾ ಕುಡೀತೀರಿ. ನೀವೆಷ್ಟು ಕೊಡ್ತೀರಿ ನಂಗೆ?"

ಸರ್ ಗಡಿಬಿಡಿಗೊಂಡರು. "ನಿಮ್ಮ ಚಹಾಕ್ಕೇನಮ್ಮ, ಯಾವಾಗಲೂ ಚೆನ್ನಾಗೇ ಇರುತ್ತೆ."

"ಯಾವಾಗಲೂ?"

"ಯಾವಾಗಲೂ."

"ಹಾಗಾದ್ರೆ ಅದನ್ನ ಕುಲಸಚಿವರ ಮುಂದೆ ಬಂದು ಹೇಳಿ" ಅಂದ ಅಮ್ಮ ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಾವನ ಹೆಗಲ ಮೇಲೆ ಎಸೆದು ಮೆಟ್ಟಿಲು ಹತ್ತಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ಇಡೀ ತರಗತಿ. ಸರ್ ನಮ್ಮ ನಡುವೆ ಸಿಕ್ಕಿಕೊಂಡು ಮೇಲೆ ಬಂದರು.

ಕುಲಸಚಿವರು ಸಣ್ಣಗಿನ, ಗಂಭೀರ ಹೆಂಗಸು. ಬಾಗಿಲು ತುಂಬಿದ ಗುಂಪನ್ನು ನೋಡಿ ಪೆನ್ನು ಕೆಳಗಿಟ್ಟರು. ನಾನು ಮುಂದೆ ಹೋಗಿ ಸೆಮಿನಾರ್ ಹಾಲಿನ ಪಾಠ, ಕ್ಯಾಂಟೀನಿನ ಎರಡು, ಬಸ್ಸಿನ ಕಡೆ ತಳ್ಳುವ ಮಾತು, ಒಂದನ್ನೂ ಬಿಡದೆ ಹೇಳಿದೆ. ಅವರು ಸರ್ ಕಡೆ ನೋಡಿದರು. ಸರ್ ಪ್ರಕಟಣೆಯ ಪ್ರತಿಯನ್ನು ಅವರ ಮುಂದೆ ಚಾಚಿದರು.

"ಒಂದು ಅಂದರೆ ಅತ್ಯುತ್ತಮ ಅಂದುಕೊಂಡು ಹಾಕಿದವರು ಕೈ ಎತ್ತಿ" ಅಂದರು ಕುಲಸಚಿವರು.

ಒಂದು ಕೈಯೂ ಮೇಲೇಳಲಿಲ್ಲ.

"ತೀರಾ ಕಳಪೆ ಅಂತ ಗೊತ್ತಿದ್ದೇ ಹಾಕಿದವರು?"

ಮೊದಲು ಎದ್ದದ್ದು ಮೂಗಿಯ ಕೈ. "ನನ್ನದು ಒಂದು, ಮೇಡಂ. ಗೊತ್ತಿದ್ದೇ ಹಾಕಿದೆ. ಇನ್ನೂ ಹತ್ತು ಸಲ ಕೇಳಿದ್ರೂ ಒಂದೇ ಹಾಕ್ತೀನಿ." ಮೂರು ವರ್ಷದಲ್ಲಿ ನಾವು ಕೇಳಿದ ಅವಳ ಅತಿ ಉದ್ದದ ಮಾತು ಅದು. ಆಮೇಲೆ ಕಾರಿಡಾರಿನ ತುದಿಯವರೆಗೂ ಕೈಗಳು ಎದ್ದವು.

"ಚಾರ್ಟು ಹೀಗೇ ಹಾಕಿದರೆ ಏನಾಗುತ್ತೆ ಗೊತ್ತಾ? ಹೊರಗಿನ ಸಮಿತಿ ಬಂದು ಪ್ರಯೋಗಾಲಯದ ಬಾಗಿಲು ತೆಗೆಸುತ್ತೆ" ಅಂದರು ಕುಲಸಚಿವರು.

"ತೆಗೆಸ್ಲಿ ಮೇಡಂ" ಅಂದೆ ನಾನು. "ನಮಗಂತೂ ತೆಗೀಲಿಲ್ಲ. ಮುಂದಿನವರಿಗಾದ್ರೂ ತೆಗೀಲಿ."

ಕುಲಸಚಿವರು ಆ ಪ್ರಕಟಣೆಯ ಪ್ರತಿಯನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು.

ಎರಡು ದಿನದ ಮೇಲೆ ಚಾರ್ಟು ಬಂತು. ಪ್ರಯೋಗಾಲಯ ಕೆಂಪು, ಮಾರ್ಗದರ್ಶನ ಕೆಂಪು, ಬಸ್ಸು ಹಸಿರು. ಕ್ಯಾಂಟೀನು ಮೂರನ್ನು ಆರಾಮವಾಗಿ ದಾಟಿ ನಾಲ್ಕರ ಹತ್ತಿರ ನಿಂತಿತ್ತು. ಮಾವ ಶಿಳ್ಳೆ ಹೊಡೆದ. ಅಮ್ಮ ಮಾತ್ರ ಮೂಗು ಗೋಡೆಗೆ ತಾಗುವಷ್ಟು ಹತ್ತಿರ ಹೋಗಿ, ಯಾವ ಅಂಕ ಎಷ್ಟು ಜನ ಕೊಟ್ಟರು ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಬೆರಳಿಟ್ಟು ಓದುತ್ತಿದ್ದಳು.

"ಯಾರೋ ಒಬ್ಬರು ನಂಗೆ ಒಂದು ಹಾಕಿದಾರೆ" ಅಂದಳು.

"ಯಾವನವನು? ಹುಡುಕಿ ತರ್ತೀನಿ ತಾಳು" ಅಂತ ಮಾವ ತೋಳೇರಿಸಿದ.

"ಮುಟ್ಟೀಯಾ ಜೋಕೆ!" ಅಮ್ಮ ಅವನ ಕೈಗೆ ಹೊಡೆದಳು. "ಅದು ಯಾರೂ ಹೇಳಿಕೊಟ್ಟಿದ್ದಲ್ಲ ಕಣೋ. ಕುಡಿದು ನೋಡಿ ಕೊಟ್ಟಿದ್ದು. ಇಷ್ಟು ವರ್ಷದಲ್ಲಿ ಸಿಕ್ಕಿದ ಕಡಿಮೆ ಅಂಕದಲ್ಲಿ ಇದೊಂದೇ ನಂದು."

ಆಮೇಲೆ ಅವಳು ಮೆಟ್ಟಿಲ ಕಡೆ ತಿರುಗಿ, ಇಳಿಯುತ್ತಿದ್ದವರಿಗೂ ಹತ್ತುತ್ತಿದ್ದವರಿಗೂ ಕೇಳುವ ಹಾಗೆ ಕೂಗಿದಳು.

"ಒಂದು ಹಾಕಿದವರು ಯಾರೇ ಆಗಿರಲಿ, ಕೆಳಗೆ ಬಂದು ಏನು ಕಡಿಮೆ ಆಯ್ತು ಅಂತ ಹೇಳಿ. ನಿಮ್ಮ ಮಾತು ಸರಿ ಇದ್ರೆ ತಿದ್ಕೋತೀನಿ. ಇಲ್ಲಾ, ಚೆನ್ನಾಗಿ ಜಗಳ ಆಡ್ತೀನಿ!"