ಎಂಜಲ ಗುಳಿಗೆ

"ತೆರಿಸಬೇ ಅದರ ಬಾಯಿ! ಊರಿಗೆ ಪಿಲೇಗು ತಂದ್ರಿ, ಈಗ ಸರಕಾರದ ಔಷಧಕ್ಕೂ ಸೊಕ್ಕು ಮಾಡ್ತೀರೇನು, ಸೂಳಿಮಕ್ಕಳ್ರಾ?"

ದೊಡ್ಡನಗೌಡ ಮುಳ್ಳುಬೇಲಿಯ ಆಚೆ, ಬೇವಿನ ಮರದ ನೆರಳಲ್ಲಿ ನಿಂತು ಒದರುತ್ತಿದ್ದ. ಈಚೆ, ಜೋಳದ ದಂಟು ಹೊದಿಸಿದ ಗುಡಿಸಲ ಬಾಗಿಲಲ್ಲಿ ದುರಗಮ್ಮ ಮಗಳು ಕನಕಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹುಡುಗಿಯ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತ್ತು. ಮೈ ಕಾದ ಹಂಚಾಗಿತ್ತು. ಇಂಥದೇ ಗಡ್ಡೆ ದುರಗಮ್ಮನ ಗಂಡನಿಗೂ ಎದ್ದಿತ್ತು, ಅವನನ್ನು ಮಣ್ಣು ಮಾಡಿ ಬಂದು ಇನ್ನೂ ವಾರವಾಗಿರಲಿಲ್ಲ.

ಇಲಿ ಸತ್ತು ಬೀಳಲು ಶುರುವಾದ ಮೇಲೆ ಊರಿಗೆ ಊರೇ ಮನೆ ಬಿಟ್ಟು ಇರಕಲ್ಲಗಡದ ದಾರಿಯ ಹೊಲಗಳಿಗೆ ಬಂದು ಬಿದ್ದಿತ್ತು. ಜೀವ ಕೈಯಲ್ಲಿ ಹಿಡಿದು ಓಡುವಾಗ ಕಾಳುಕಡಿ ಮರೆತವರುಂಟು, ಜಾತಿ ಮರೆತವರಿರಲಿಲ್ಲ. ಗೌಡರ ಗುಡಾರ ಬಾವಿಯ ಮಗ್ಗುಲಲ್ಲಿ, ಹೊಲಗೇರಿಯ ಗುಡಿಸಲು ಗಾಳಿ ಬೀಸಿಹೋಗುವ ದಿಕ್ಕಿಗೆ, ನಡುವೆ ಜಾಲಿಯ ಬೇಲಿ. ಅಲ್ಲಿಗೆ ಹೈದರಾಬಾದಿನಿಂದ ಒಬ್ಬ ಡಾಕ್ಟರ ಸಾಹೇಬ ಬಂದ. ಪ್ಲೇಗಿಗೆ ಹೊಸದೊಂದು ಗುಳಿಗೆ ಬಂದಿದೆ, ಇಲ್ಲಿಯ ಜನರಿಗೆ ಅದು ಹಿಡಿಯುತ್ತದೋ ಇಲ್ಲವೋ ನೋಡಬೇಕು ಅಂದ.

"ನೋಡೂದಿದ್ರ ಮೊದಲ ಕೇರಿಯವರ ಮ್ಯಾಲೆ ನೋಡ್ರಿ ಸಾಹೇಬ್ರ," ಅಂದಿದ್ದ ಗೌಡ. "ಸತ್ತರ ಕೇಳಾವ್ರಿಲ್ಲ. ಬದುಕಿದ್ರ ಆಮ್ಯಾಲೆ ನಮಗ ಕೊಡ್ರಿ."

ಸಾಹೇಬನಿಗೂ ಅದು ಅನುಕೂಲವಾಗಿಯೇ ಕಂಡಿತು. ಕೇರಿಯವರಿಗೆ ಮಾತ್ರ ಜೀವ ಹಾರಿಹೋಗಿತ್ತು. ಗುಳಿಗೆ ನುಂಗಿಸಿ ಬೇಗ ಸಾಯಿಸುತ್ತಾರೆ, ಆಮೇಲೆ ಗುಡಿಸಲಿಗೆ ಬೆಂಕಿ ಹಚ್ಚುತ್ತಾರೆ ಎಂದು ಸುದ್ದಿ ಎದ್ದಿತ್ತು. ಮೊದಲು ನುಂಗಿದ ಮುದುಕ ಹೊಳಿಯಪ್ಪ ಅಂದೇ ಸತ್ತ. ಅವನು ಹೇಗೂ ಸಾಯುವವನೇ ಇದ್ದ, ಆದರೆ ಹೆದರಿದವರಿಗೆ ಅದನ್ನು ಹೇಳುವವರು ಯಾರು?

ಕಂಪೌಂಡರ ಉಮರಸಾಬ ಅಗಲ ಬಾಯಿಯ ಬಾಟಲಿಯ ಮುಚ್ಚಳ ತೆಗೆದ. ಕೊಪ್ಪಳದವನು, ಬಡವರ ಮನೆಯಲ್ಲೇ ಹುಟ್ಟಿ ಬೆಳೆದವನು.

"ಹಾಕವಾ ದುರಗವ್ವ."

"ಹಾಕಿದ್ರ ಬದುಕ್ತಾಳೇನು ಉಮರಣ್ಣ?"

"ಅದು ಅಲ್ಲಾನ ಕೈಯಾಗೈತಿ. ಹಾಕದಿದ್ರ ಸಾಯ್ತಾಳ, ಅದಂತೂ ಖರೆ."

ದುರಗಮ್ಮ ಕಣ್ಣು ಮುಚ್ಚಿಕೊಂಡು ಮಗಳ ಬಾಯಿ ತೆರೆಸಿದಳು.

ಅಂದಿನಿಂದ ಹೊತ್ತುಹೊತ್ತಿಗೆ ಉಮರಸಾಬ ಬರುತ್ತಿದ್ದ. ಬಾಟಲಿಯನ್ನು ಕೇರಿಯ ನೆಲದ ಮೇಲೆ ಇಡಬಾರದು, ಕೇರಿಯವರು ಮುಟ್ಟಬಾರದು ಎಂದು ಗೌಡನ ಕಟ್ಟಪ್ಪಣೆ. ಸಾಹೇಬ ಬಂದಾಗ ಕನಕಮ್ಮನ ಬಗಲಲ್ಲಿ ಗಾಜಿನ ಕಡ್ಡಿ ಇಟ್ಟು ಜ್ವರ ನೋಡುತ್ತಿದ್ದ, ಗಡ್ಡೆ ಒತ್ತುತ್ತಿದ್ದ, ಬೆರಳಿಗೆ ಚುಚ್ಚಿ ರಕ್ತ ತೆಗೆದುಕೊಳ್ಳುತ್ತಿದ್ದ. ಹೆಸರು ಒಂದು ದಿನವೂ ಕೇಳಲಿಲ್ಲ. ಕೇರಿಯಲ್ಲಿ ಇನ್ನೂ ಕೆಲವರು ಸತ್ತರು. ಆದರೆ ಒಂದು ಮುಂಜಾನೆ ಕನಕಮ್ಮ ಕಣ್ಣು ಬಿಟ್ಟು, "ಯವ್ವಾ, ಅಂಬಲಿ ಐತೇನ?" ಅಂದಳು. ದುರಗಮ್ಮ ಅಂಬಲಿ ಕಾಸುವುದನ್ನೂ ಮರೆತು ಒಲೆಯ ಮುಂದೆ ಕೂತು ಗೊಳೋ ಎಂದು ಅತ್ತಳು.

"ಶಾಬಾಶ್!" ಅಂದ ಸಾಹೇಬ. ಅಂದದ್ದು ಗುಳಿಗೆಗೆ. ಆಮೇಲೆ ಉಮರಸಾಬನ ಕಡೆ ತಿರುಗಿ, "ಜ್ವರ ಪೂರಾ ಬಿಡುವತನಕ ತಪ್ಪಿಸಬೇಡ. ನಡುವೆ ಬಿಟ್ಟರೆ ತಿರುಗಿ ಬರ್ತದೆ, ಆಮೇಲೆ ಉಳಿಯೋದಿಲ್ಲ," ಎಂದ. ದುರಗಮ್ಮ ಆ ಮಾತನ್ನು ಎದೆಯಲ್ಲಿ ಕಟ್ಟಿಟ್ಟುಕೊಂಡಳು.

ಅಷ್ಟರಲ್ಲಿ ಗೌಡನ ಎಳೆಯ ಮಗನಿಗೆ ಬಗಲಲ್ಲಿ ಗಡ್ಡೆ ಎದ್ದಿತು.

ಮಧ್ಯಾಹ್ನದ ಗುಳಿಗೆಗೆ ಉಮರಸಾಬ ಬಂದಾಗ ಅವನ ಮುಖ ಸತ್ತಂತಿತ್ತು. ಹಿಂದೆಯೇ ಬೇಲಿಯ ಆಚೆ ಗೌಡ, ಸಾಹೇಬ, ಜೊತೆಗೆ ಗೌಡನ ಕಾವಲಿನ ಆಳು, ವಾಲೀಕಾರ ಹುಲಗಪ್ಪ. ಈ ಹುಲಗಪ್ಪ ದುರಗಮ್ಮನ ಒಡಹುಟ್ಟಿದ ತಮ್ಮ, ಗೌಡನ ಕೂಳು ತಿಂದು ಗೌಡನ ಕೋಲು ಹಿಡಿದವನು.

"ಅಕಿಗಿ ಹಾಕಿದ್ದು ಸಾಕು. ಬಾಟ್ಲಿ ಈ ಕಡೆ ತಾರೋ," ಅಂದ ಗೌಡ.

ಉಮರಸಾಬ ಸಾಹೇಬನ ಮುಖ ನೋಡಿದ. ಸಾಹೇಬ ಟೋಪಿ ಸರಿಮಾಡಿಕೊಂಡ. "ಹುಡುಗಿಯ ಮೇಲೆ ನೋಡಬೇಕಾದದ್ದು ನೋಡಿದ್ದಾಯಿತು. ಇನ್ನೊಂದು ಬಾಟಲಿಗೆ ತಂತಿ ಕಳಿಸಿದ್ದೇನೆ. ಲಡಾಯಿಯ ಕಾಲ, ಕೊಪ್ಪಳದ ಸ್ಟೇಶನ್ನಿಗೆ ಯಾವಾಗ ಬರ್ತದೋ. ಇದ್ದದ್ದು ಒಬ್ಬರಿಗೆ ಮಾತ್ರ ಆಗ್ತದೆ."

"ಸಾಹೇಬ್ರ, ನಡುವ ಬಿಟ್ರ ಉಳಿಯೂದಿಲ್ಲ ಅಂದವರು ನೀವ ಅಲ್ಲೇನ್ರಿ?" ದುರಗಮ್ಮ ಕೇಳಿದಳು.

ಸಾಹೇಬ ಗೌಡನ ಕಡೆ ತಿರುಗಿದ.

"ಅವರನ್ನೇನ್ ಕೇಳ್ತೀ, ರಂಡಿ?" ಅಂದ ಗೌಡ. "ನಿನ್ನ ಮಗಳು ಬದುಕಿ ಯಾವ ರಾಜ್ಯ ಆಳಬೇಕಾಗೇತಿ? ಔಷಧಕ್ಕ ಮೈಲಿಗಿಲ್ಲ, ಮ್ಯಾಲಾಗಿ ಬಾಟ್ಲಿ ಇವರು ಮುಟ್ಟಿಲ್ಲ. ತಾರೋ ಸಾಬಾ!"

ಬಡವರ ಸಿಟ್ಟು ದವಡೆಗೆ ಮೂಲ ಎಂದು ದುರಗಮ್ಮ ಹುಟ್ಟಿದಾಗಿನಿಂದ ಕೇಳಿದ್ದಳು. ಅದರಂತೆ ನಡೆದೂ ಇದ್ದಳು. ಈಗ ಅವಳಿಗೆ ದವಡೆಯ ಚಿಂತೆ ಉಳಿದಿರಲಿಲ್ಲ. ಉಮರಸಾಬನ ಕೈಯಲ್ಲಿದ್ದ ತೆರೆದ ಬಾಟಲಿಯೊಳಗೆ ಕೈ ಹಾಕಿದಳು. ಉಮರಸಾಬ ಬಾಟಲಿಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇದ್ದ ಗುಳಿಗೆಗಳನ್ನೆಲ್ಲ ಬಾಚಿ ಬಾಯಿಗೆ ತುಂಬಿಕೊಂಡಳು, ನಾಲಿಗೆಯ ಮೇಲೆ ಹೊರಳಿಸಿದಳು, ಎಲ್ಲರೂ ನೋಡುತ್ತಿರುವಂತೆ ಅಂಗೈಗೆ ಉಗುಳಿಕೊಂಡಳು. ಬಾಯೆಲ್ಲ ಕಹಿ ವಿಷವಾಗಿತ್ತು.

"ಈಗ ಒಯ್ರಿ ಗೌಡ್ರ," ಅಂದಳು. "ಹೊಲ್ಯಾರ ಎಂಜಲ ಐತಿ."

ಸಾಹೇಬ ಗಾಬರಿಯಿಂದ, "ಎಂಜಲಾದರೆ ಔಷಧ ಕೆಡೋದಿಲ್ಲ ಗೌಡ್ರೆ. ಬೇಗ ಒಣಗಿಸಿ ತೊಗೊಂಡರಾಯ್ತು," ಅಂದ.

"ಏ ಹುಲಗ್ಯಾ!" ಗೌಡ ಒದರಿದ. "ಮುಷ್ಟಿ ಬಿಡಸೋ ಅಕೀದು. ಕೈ ಮುರದರೂ ಚಿಂತಿಲ್ಲ."

ಹುಲಗಪ್ಪ ಬೇಲಿ ದಾಟಿ ಬಂದ. ಅಕ್ಕನ ಮಣಿಕಟ್ಟು ಹಿಡಿದ. ದುರಗಮ್ಮ ಬಿಡಿಸಿಕೊಳ್ಳಲಿಲ್ಲ, ಬೈಯಲಿಲ್ಲ.

"ಬಿಡಸೋ ತಮ್ಮಾ. ನಿನ್ನ ಸೊಸಿ ಕಣ್ಣು ಬಿಟ್ಟು ನೋಡಾಕತ್ಯಾಳ. ನೋಡಿಕೋಂತ ಬಿಡಸು."

ಒಳಗಿನಿಂದ ಕನಕಮ್ಮ, "ಮಾಮಾ," ಅಂದಳು.

ಹುಲಗಪ್ಪ ಅಕ್ಕನ ಕೈ ಬಿಟ್ಟ. ಕೋಲನ್ನು ಬೇಲಿಯ ಮೇಲಿಂದ ಗೌಡನ ಕಾಲ ಬಳಿ ಎಸೆದ. "ನನ್ನ ಕೈಲೆ ಆಗೂದಿಲ್ರೀ ಗೌಡ್ರ. ಬೇಕಾದ್ರ ನೀವ ಬಂದು ಮುಟ್ರಿ."

ಗೌಡ ಒಂದು ಹೆಜ್ಜೆ ಮುಂದಿಟ್ಟ. ಸುತ್ತಲಿನ ಗುಡಿಸಲುಗಳಿಂದ ಜನ ಒಬ್ಬೊಬ್ಬರಾಗಿ ಎದ್ದು ಬಂದು ದುರಗಮ್ಮನ ಹಿಂದೆ ನಿಂತರು, ಜ್ವರ ಬಂದವರೂ ನಿಂತರು. ಅವಳನ್ನು ಹಿಡಿಯಬೇಕಾದರೆ ಅವರನ್ನೆಲ್ಲ ಮೈಗೆ ಮೈ ತಾಗಿಸಿಕೊಂಡು ಹೋಗಬೇಕಿತ್ತು. ಗೌಡನ ಹೆಜ್ಜೆ ನಿಂತಿತು.

ದುರಗಮ್ಮ ಒಂದು ಗುಳಿಗೆ ಆರಿಸಿ ಮಗಳ ಬಾಯಿಗೆ ಹಾಕಿ ನೀರು ಕುಡಿಸಿದಳು. ಉಳಿದವನ್ನು ನೋಡಿದಳು. ಕೊಟ್ಟರೆ ತನ್ನ ಮಗಳಿಗೆ ಕಡಿಮೆ ಬೀಳುತ್ತದೆ, ಕೊಡದಿದ್ದರೆ ಅಲ್ಲಿ ಒಂದು ಕೂಸು ಸಾಯುತ್ತದೆ. ಹಾಳಾದ ಕರುಳು ಒಂದೇ ಕಡೆ ಎಳೆದಿದ್ದರೆ ಎಷ್ಟು ಚೆನ್ನಾಗಿತ್ತು! ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಗೌಡ್ರ, ಕೂಸಿನ್ನ ಇಲ್ಲಿ ತರ್ರಿ," ಅಂದಳು. "ಎರಡಕ್ಕೂ ಹಂಚಿ ಹಾಕ್ತೇನಿ. ಕೊಪ್ಪಳದಿಂದ ಬರೂತನಕ ಉಳದ್ರ ಎರಡೂ ಉಳೀಲಿ. ಆದ್ರ ನನ್ನ ಗುಡಿಸಲದಾಗ, ನನ್ನ ಕೈಲೆ ಹಾಕ್ತೇನಿ. ಬಾಟ್ಲಿ ತುಂಬಿ ಕಳಸೂದಿಲ್ಲ."

"ನಿನ್ನ ಕೈಲೆ?" ಗೌಡ ಕಿರುಚಿದ. "ನನ್ನ ಮಗ ಸತ್ರ ಸಾಯ್ತಾನ, ನಿನ್ನ ಗುಡಿಸಲದಾಗ ಎಲ್ಲಾರ ಮುಂದ ನಿನ್ನ ಎಂಜಲ ಮಾತ್ರ ನುಂಗೂದಿಲ್ಲ, ಬೋಸುಡಿ!"

ಆ ಮಾತು ಗುಡಾರದವರೆಗೂ ಕೇಳಿಸಿರಬೇಕು. ಗುಡಾರದ ಪರದೆ ಸರಿಸಿ ಗೌಡತಿ ಹೊರಗೆ ಬಂದಳು. ಹೆಗಲ ಮೇಲೆ ಮಗ, ಅವನ ತಲೆ ಜೋತು ಬಿದ್ದಿತ್ತು. ಹೊರಗಿನವರು ಆಕೆಯ ಮುಖ ಕಂಡದ್ದೇ ಅಪರೂಪ. ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಲೆಕ್ಕಿಸದೆ, ಬರಿಗಾಲಲ್ಲಿ, ಕೊಯ್ದ ಜೋಳದ ಚೂಪು ಕುಳೆ ತುಳಿಯುತ್ತ ನೇರ ಬೇಲಿಯ ಕಡೆಗೇ ಬರುತ್ತಿದ್ದಳು.

"ಒಳಗ ನಡಿ!" ಗೌಡ ಕೂಗಿದ. ಆಕೆ ನಿಲ್ಲಲಿಲ್ಲ. ಗೌಡ ಬಗ್ಗಿ ಹುಲಗಪ್ಪ ಎಸೆದ ಕೋಲನ್ನು ಎತ್ತಿಕೊಂಡ, ಹೆಂಡತಿಯ ದಾರಿಗೆ ಅಡ್ಡ ನಿಂತು ಅದನ್ನು ತಲೆಯ ಮೇಲಕ್ಕೆ ಬೀಸಿ ಹಿಡಿದ.

ಬೇಲಿಯ ಈಚೆಯಿಂದ ದುರಗಮ್ಮ ಗುಳಿಗೆಯ ಮುಷ್ಟಿ ಎತ್ತಿ ಕೂಗಿದಳು.

"ಬರ್ರಿ ಗೌಡತಿ! ಅಂವಂಗೇನ್ ಅಂಜತೀರಿ, ದಾಟಿ ಬರ್ರಿ!"