ರೆಪ್ಪೆಯಿಲ್ಲದ ಮೀನು

ಮುಂಬೈಗೆ ಹೋಗಬೇಕಾದವನು ಹೆಂಡತಿ ಮಕ್ಕಳನ್ನು ಎದುರು ದಿಕ್ಕಿನ ಬೇಲಾಪುರದ ಗಾಡಿಗೆ ಹತ್ತಿಸಿಬಿಟ್ಟಿದ್ದ ಗುರುನಾಥ.

"ರೀ, ಇದು ಉಲ್ಟಾ ಹೊಂಟದ," ಎಂದಳು ಸುಲೋಚನಾ.

"ಗೊತ್ತದ. ಬೇಲಾಪುರದಾಗ ಇದೇ ಗಾಡಿ ತಿರುಗತದ. ಇಳಿಯೂದು ಬ್ಯಾಡ. ಕಿಡಕಿ ಸೀಟು ಸಿಗತದ."

"ಇವತ್ತು ಐತವಾರ. ಇಡೀ ಡಬ್ಬಿಗೆ ನಾವs ಇದ್ದೀವಿ. ಗಾಣದ ಎತ್ತು ನೋಡ್ರಿ ನೀವು!"

ಅವನು ಸುತ್ತ ನೋಡಿದ. ನಿಜ. ದಿನಾ ಆಫೀಸಿಗೆ ಹೊರಟಾಗ, ಮನೆಯಿರುವ ನೆರೂಳಿನಿಂದ ಹಿಂದಕ್ಕೆ ಹೋಗಿ, ಸೀಟು ಹಿಡಿದು, ಮುಂದಕ್ಕೆ ಬರುವ ಕಾಲುಗಳಿಗೆ ರವಿವಾರ ತಿಳಿದಿರಲಿಲ್ಲ. ಎಂ.ಎ. ಮಾಡಿದ ತಲೆಗೂ ತಿಳಿಯಲಿಲ್ಲವಲ್ಲ ಎಂದು ನಗು ಬಂತು.

ಬೆಳಿಗ್ಗೆ ಅವನು ಹೊರಡುವಾಗ ಮಕ್ಕಳು ಎದ್ದಿರುವುದಿಲ್ಲ, ಬರುವಷ್ಟರಲ್ಲಿ ಮಲಗಿರುತ್ತಾರೆ. ಮಗಳು ಎಷ್ಟು ದೊಡ್ಡವಳಾದಳು ಎಂದು ಆಫೀಸಿನಲ್ಲಿ ಯಾರೋ ಕೇಳಿದಾಗ ಅವನು ಎರಡೂ ಕೈ ಅಡ್ಡಕ್ಕೆ ಚಾಚಿ, ಇಷ್ಟುದ್ದ ಎಂದು ತೋರಿಸಿದ್ದ. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ.

ಇವತ್ತು ಒಂದು ದಿನವಾದರೂ ಪೂನಂ ಅಮ್ಮನ ಸೆರಗು ಬಿಟ್ಟು ತನ್ನ ಬೆರಳು ಹಿಡಿಯಬೇಕು, ತಾನಾಗಿ ಏನಾದರೂ ಕೇಳಬೇಕು. ಅವನ ಆಸೆ ಅಷ್ಟೇ. ಐದು ವರ್ಷದ ಮಗಳು ಅವನ ಕಡೆ ನೋಡುವುದೇ ನೆಂಟರ ಕಡೆ ನೋಡಿದ ಹಾಗೆ. ಏನು ಬೇಕಾದರೂ ಅವಳು "ಮಮ್ಮೀ" ಎಂದೇ ಶುರು ಮಾಡುತ್ತಾಳೆ.

ಮರೀನ್ ಡ್ರೈವಿನ ಮತ್ಸ್ಯಾಲಯದೊಳಗೆ ಕತ್ತಲು. ಗೋಡೆಯ ಉದ್ದಕ್ಕೂ ಬೆಳಗುವ ಗಾಜಿನ ತೊಟ್ಟಿಗಳು. ಸುಲೋಚನಾ ಚೀಲದಿಂದ ಚುರುಮರಿಯ ಪೊಟ್ಟಣ ತೆಗೆದಳು. ಹೊಳೆಗೆ ಹೋದವರು ಮೀನಿಗೆ ಚುರುಮರಿ ಹಾಕದೆ ಬರಬಾರದು ಎಂಬುದು ಬಿಜಾಪುರದ ಕಡೆಯ ಅವಳ ತವರಿನ ರೂಢಿ.

"ಎಲ್ಲಿಂದ ಹಾಕೂದ್ರಿ? ಬಾಯೇ ಇಲ್ಲಲ್ಲ ಈ ತೊಟ್ಟಿಗೆ."

"ಒಳಗಿಡು. ಎಲ್ಲಾರೂ ನೋಡ್ಲಿಕತ್ತಾರ."

ಕಾವಲುಗಾರ ಬಂದ. "ಬಾಯೀ, ಖಾನಾ ನಹೀ ಡಾಲನೇ ಕಾ." ಸುಲೋಚನಾ ಒಂದು ಮುಷ್ಟಿ ಚುರುಮರಿ ಅವನ ಕೈಗೇ ಹಾಕಿದಳು. ಅವನು ನಗುತ್ತ ಬಾಯಿಗೆ ಹಾಕಿಕೊಂಡು ಹೋದ. ನಾಚಿಕೆಯಿಂದ ಕುಗ್ಗಿದ್ದ ಗುರುನಾಥನಿಗೆ ಅವಳ ಮೇಲೆ ತಟ್ಟನೆ ಪ್ರೀತಿ ಉಕ್ಕಿತು. ಉಳಿದದ್ದನ್ನು ಅವಳ ಸೊಂಟದ ಮೇಲಿದ್ದ ಪುಟ್ಟ ಸ್ವಪ್ನಿಲ್ ಮುಗಿಸತೊಡಗಿದ.

ಯಾರೋ ಬೆರಳು ಹಿಡಿದರು. ಪೂನಂ.

"ಪಪ್ಪಾ, ಯೇ ಸೋತೀ ಕಬ್ ಹೈ?"

ಅವನು ಅವಳ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತ. "ಈಗೂ ಮಲಗಿರಬಹುದು ಪುಟ್ಟಿ. ಮೀನಿಗೆ ಕಣ್ಣಿನ ರೆಪ್ಪೆ ಇರೂದಿಲ್ಲ. ಕಣ್ಣು ತೆರಕೊಂಡೇ ನಿದ್ದಿ ಮಾಡತಾವ."

ಅವಳು ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದಳು.

"ತೋ ಇಸ್‌ಕೇ ಪಪ್ಪಾ ರಾತ್ರಿ ಬಂದ್ರ, ಇದಕ್ಕ ಕಾಣತಾರ?"

"ಹೂಂ," ಎಂದ.

ಸಂಜೆಯ ಗಾಡಿಯಲ್ಲಿ ಕಿಟಕಿಯ ಪಕ್ಕ ಅವನ ತೊಡೆಯ ಮೇಲೆ ಪೂನಂ. ಎದುರಿಗೆ ಸುಲೋಚನಾ, ಅವಳ ಹೆಗಲ ಮೇಲೆ ಮಲಗಿದ ಸ್ವಪ್ನಿಲ್. ಇಷ್ಟು ಸುಖ ಯಾವಾಗ ಪಟ್ಟಿದ್ದೆ ಎಂದು ಗುರುನಾಥ ನೆನಪು ಮಾಡಿಕೊಳ್ಳಲು ನೋಡಿದ.

ಪೂನಂ ಎರಡೂ ಕೈಬೆರಳುಗಳಿಂದ ತನ್ನ ರೆಪ್ಪೆಗಳನ್ನು ಮೇಲಕ್ಕೆ ಎಳೆದು ಹಿಡಿದಿದ್ದಳು.

"ಏನದು?"

"ಮಛಲೀ. ನಾಳೆ ನೀವು ಬರೂತನಾ ಹೀಂಗs ಮಲಗತೀನಿ."

"ಕಣ್ಣು ಉರೀತಾವ, ಬಿಡs."

"ನಹೀ."

ಸುಲೋಚನಾ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡಳು.

ವಾಶಿಯ ಖಾಡಿಯ ಸೇತುವೆ ಬಂತು. ಕೆಳಗೆ ಸಮುದ್ರದ ಹಿನ್ನೀರು ಕಪ್ಪಾಗಿತ್ತು. ಖಾಡಿ ತೋರಿಸೋಣವೆಂದು ಅವನು ಬಗ್ಗಿದ. ಮಗಳ ಕೈಗಳು ಜಾರಿ ಮಡಿಲಿಗೆ ಬಿದ್ದಿದ್ದವು. ಉಸಿರು ನಿಧಾನವಾಗಿತ್ತು. ಕಣ್ಣು ಮಾತ್ರ ಪೂರ್ತಿ ಮುಚ್ಚಿರಲಿಲ್ಲ.

"ಪೂನಂ," ಎಂದ. ಇನ್ನಷ್ಟು ಬಗ್ಗಿ, ಆ ಅರೆತೆರೆದ ಕಣ್ಣುಗಳ ಎದುರಿಗೆ ತನ್ನ ಮುಖ ಹಿಡಿದ. ಡಬ್ಬಿಯ ದೀಪ ಅವುಗಳಲ್ಲಿ ಹೊಳೆಯುತ್ತಿತ್ತು. ಅವು ಅವನನ್ನು ನೋಡಲಿಲ್ಲ.