ಪಾಲಯ್ಯನ ಜಗಲಿಗೆ ಬಂದ ಸೈಕಲ್ಲು

ನಾನು ಒಂದು ಮೌಂಟನ್ ಬೈಕು. ಬರೀ ಸೈಕಲ್ಲು ಅಂದರೂ ಬೇಜಾರಿಲ್ಲ, ಈಗ ಮುನಿಸಿಕೊಳ್ಳುವ ವಯಸ್ಸು ನನ್ನದಲ್ಲ. ಆದರೆ ಹುಟ್ಟಿದಾಗ ಇದ್ದ ಜಂಬ ಕೇಳಬೇಡಿ! ಅಲ್ಯೂಮಿನಿಯಂ ಕೊಳವೆಗಳನ್ನು ಬೆಸೆದು ನನ್ನ ಮೈ ಮಾಡಿದರು, ಕಡುನೀಲಿ ಬಣ್ಣ ಬಳಿದರು, ಮುಂದಿನ ಚಕ್ರದ ಮೇಲೆ ಕುಲುಕಾಟ ತಡೆಯುವ ಸ್ಪ್ರಿಂಗು ಕೂರಿಸಿದರು. ಅದೇ ಕಾರ್ಖಾನೆಯ ಪಕ್ಕದ ಸಾಲಿನಲ್ಲಿ ಹಾಲಿನ ಕ್ಯಾನು ಹೊರುವ ಸಾದಾ ಸೈಕಲ್ಲುಗಳು ತಯಾರಾಗುತ್ತಿದ್ದವು. ನಾನು ಅವುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮೊದಲ ಒಡೆಯ ದಾವಣಗೆರೆಯ ಒಬ್ಬ ಗುತ್ತಿಗೆದಾರರ ಮಗ. ಒಂದೆರಡು ಸಲ ಹತ್ತಿದ, ತೊಡೆ ನೋವು ಅಂದ, ಮುಗಿಯಿತು. ಆಮೇಲೆ ಅವರ ಮನೆಯ ಟವೆಲ್ಲುಗಳನ್ನು ಒಣಗಿಸುತ್ತಾ ಬಾಲ್ಕನಿಯಲ್ಲಿ ನಿಂತೆ. ಗುಡ್ಡ ಹತ್ತಲು ಹುಟ್ಟಿದವನಿಗೆ ಒದ್ದೆ ಬಟ್ಟೆಯ ಚಾಕರಿ ಬಂದರೆ ಹೇಗಿರುತ್ತದೆ, ನೀವೇ ಯೋಚಿಸಿ.

ಅಲ್ಲಿಂದ ನನ್ನನ್ನು ಬಿಡಿಸಿಕೊಂಡು ಹೋದವನು ಮಧುಕೇಶ. ಚಿತ್ರದುರ್ಗದಲ್ಲಿ ಅವನದು ಕನ್ನಡಕದ ಅಂಗಡಿ. ದಿನವಿಡೀ ಕೂತು ಬೆಳೆದ ಹೊಟ್ಟೆ ಕರಗಿಸಬೇಕೆಂದು ನನ್ನನ್ನು ತಂದ. ಕರಗಿತೋ ಇಲ್ಲವೋ, ಹುಚ್ಚಂತೂ ಹತ್ತಿತು. ಟೈರಿನ ಅಂಗಡಿಯ ಸಿರಾಜ್ ಜೊತೆಯಾದ. ಪ್ರತಿ ಭಾನುವಾರ ಊರಾಚೆಯ ಎಮ್ಮೆಬಂಡೆ ಗುಡ್ಡಕ್ಕೆ ಹೋಗುತ್ತಿದ್ದೆವು. ಹಿಂಭಾಗದ ಕಾಲುದಾರಿಯಲ್ಲಿ ಬಂಡೆಯಿಂದ ಬಂಡೆಗೆ ಹಾರಿ ಇಳಿಯುವಾಗ ನನ್ನ ಮೈ ಜುಮ್ಮೆನ್ನುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅವು ನನ್ನ ಬದುಕಿನ ಸುಖದ ದಿನಗಳು.

ಅರಣ್ಯದವರ ಅನುಮತಿ ಇರಲಿಲ್ಲ, ಹೊಲದವರ ಅನುಮತಿಯೂ ಇರಲಿಲ್ಲ. ಒಮ್ಮೆ ಸಿರಾಜ್ ಆ ಮಾತೆತ್ತಿದ. ಮಧುಕೇಶ ನಕ್ಕುಬಿಟ್ಟ. "ಕೇಳಿದ್ರೆ ತಾನೆ ಬೇಡ ಅನ್ನೋದು? ಕೇಳ್ದೇ ಇದ್ರೆ ಯಾರ್ ಬೇಡ ಅಂತಾರೆ?"

ಆ ಕಾಲುದಾರಿ ಕೊನೆಗೆ ಕಲ್ಲುಗೋಡೆಯ ಒಂದು ಕಂಡಿಯಲ್ಲಿ ನುಗ್ಗಿ ಕಾಟಮ್ಮನ ಜೋಳದ ಹೊಲದ ಅಂಚಿಗೆ ಬೀಳುತ್ತಿತ್ತು. ಕಾಟಮ್ಮ ಗಂಡ ಸತ್ತ ಹೆಂಗಸು. ಆ ಹೊಲ, ಒಂದು ಸಣ್ಣ ಕುರಿಹಿಂಡು, ಅಷ್ಟೇ ಅವಳ ಆಸ್ತಿ. ಜೋಳ ಎದೆಯೆತ್ತರ ಬಂದಿದ್ದಾಗ ಒಂದು ಬೆಳಿಗ್ಗೆ ನಮ್ಮನ್ನು ತಡೆದಳು.

"ಯಾರ್ ಸ್ವಾಮಿ ನೀವು? ಬೆಳ್‌ಬೆಳಿಗ್ಗೆ ನನ್ನ ಹೊಲ್ದಾಗೆ ಏನ್ ಕೆಲ್ಸ?"

"ಗುಡ್ಡಕ್ಕೆ ಬಂದಿದ್ವಿ ತಾಯಿ. ಗುಡ್ಡ ಸರ್ಕಾರದ್ದಲ್ವಾ?"

"ಗುಡ್ಡ ಸರ್ಕಾರದ್ದು. ಇಳಿಯೋ ದಾರಿ ನಂದು. ಬರೋದಿದ್ರೆ ಒಂದ್ ಮಾತು ಕೇಳಿ ಬನ್ನಿ. ನಾನೇನು ಬ್ಯಾಡ ಅನ್ನಲ್ಲ."

ಬೇಡ ಅನ್ನುವುದಿಲ್ಲ ಎಂದು ಅವಳೇ ಬಾಯಿಬಿಟ್ಟು ಹೇಳಿದಳು. ಆದರೂ ಮಧುಕೇಶ ಕೇಳಲಿಲ್ಲ. ಅವಳ ಕಣ್ಣಿಗೆ ಬೀಳಬಾರದೆಂದು ಇನ್ನೂ ಬೇಗ ಬರತೊಡಗಿದ.

ಜೋಳ ಕೊಯ್ಲಾದ ಮೇಲಿನ ಒಂದು ಭಾನುವಾರ. ಇಳಿದು ಬಂದರೆ ಕಂಡಿಗೆ ಅಡ್ಡಲಾಗಿ ಜಾಲಿಮುಳ್ಳಿನ ಕಂತೆ! ಅದು ಯಾಕೆ ಅಲ್ಲಿತ್ತು ಅನ್ನುವುದು ನನಗೆ ತಿಳಿದದ್ದು ತಡವಾಗಿ, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಕೊಯ್ದ ಜೋಳದ ಬುಡದಿಂದ ಮತ್ತೆ ಎಳೆ ಚಿಗುರು ಬರುತ್ತದೆ. ಅದಕ್ಕೆ ಕೂಳೆ ಅನ್ನುತ್ತಾರೆ. ಕಣ್ಣಿಗೆ ತಂಪು, ಕುರಿಗೆ ವಿಷ. ಹೊಟ್ಟೆ ತುಂಬ ಮೇಯ್ದ ಕುರಿ ಉಳಿಯುವುದೇ ಇಲ್ಲ. ಗುಡ್ಡದಲ್ಲಿ ಮೇಯುವ ಹಿಂಡು ಕೂಳೆಗೆ ಇಳಿಯದಿರಲಿ ಎಂದು ಕಾಟಮ್ಮ ಕಂಡಿ ಮುಚ್ಚಿದ್ದಳು. ಆ ಕಡೆ ದಾರಿಗೆ ಮುಳ್ಳು ಇಟ್ಟರೆ ಬಾಗಿಲು ಹಾಕಿದ ಹಾಗೆ. ಅದು ಹಸುಗೂಸಿಗೂ ಗೊತ್ತು.

ಮಧುಕೇಶ ಸುತ್ತ ನೋಡಿದ. ಬೋರ್ಡು ಇಲ್ಲ, ಗೇಟು ಇಲ್ಲ. "ಯಾರೋ ಕಸ ತಂದು ಹಾಕಿದಾರೆ" ಅಂದು ಕೋಲಿನಿಂದ ಕಂತೆಯನ್ನು ಪಕ್ಕಕ್ಕೆ ದಬ್ಬಿದ.

ಸಿರಾಜ್ ಅಂದ, "ವಾಪಸ್ ಇಡೋಣ್ವಾ?"

"ಇನ್ನೊಂದ್ ರೌಂಡ್ ಇದೆಯಲ್ಲ. ಆಮೇಲೆ ಇಟ್ರಾಯ್ತು."

ಇನ್ನೊಂದು ರೌಂಡ್ ಆಗಲೇ ಇಲ್ಲ. ಮತ್ತೆ ಹತ್ತುವಾಗ ನನ್ನ ಚೈನು ತುಂಡಾಯಿತು. ಗುಡ್ಡದ ಆ ಕಡೆ ಡಾಂಬರು ರಸ್ತೆ ಹತ್ತಿರ ಅಂತ ನನ್ನನ್ನು ತಳ್ಳಿಕೊಂಡು ಹಾಗೇ ಮನೆಗೆ ಹೋದರು. ದಾರಿಯುದ್ದಕ್ಕೂ ಚೈನಿನದೇ ಮಾತು, ಮುಳ್ಳು ಯಾರಿಗೂ ನೆನಪಾಗಲಿಲ್ಲ.

ಮುಂದಿನ ಭಾನುವಾರ ಹೊಸ ಚೈನು ಹಾಕಿಸಿ ಮಧುಕೇಶ ಒಬ್ಬನೇ ನನ್ನ ಮೇಲೆ ಬಂದ. ಕಂಡಿಯ ಪಕ್ಕ ಹೊಸ ಮಣ್ಣಿನ ಗುಡ್ಡೆಗಳಿದ್ದವು. ಕಾಟಮ್ಮ ಅಲ್ಲೇ ಕೂತಿದ್ದಳು. ಈ ಸಲ ಗದರಲಿಲ್ಲ.

"ಅರ್ಧ ಹಿಂಡು ಹೋಯ್ತು ಸ್ವಾಮಿ. ಬಾಯಾಗೆ ನೊರೆ ಬಂದು ಬಿದ್ದು ಒದ್ದಾಡ್ಬಿಟ್ವು. ನಮ್ ಭಾವ ಪಾಲಯ್ಯನೇ ಮುಳ್ಳು ಕಿತ್ತಾಕಿದ್ದು. ಹಿಂದಿನ ದಿನ ಬಯ್ದಿದ್ದ, ದಾರಿಗೆ ಅಡ್ಡ ಇಟ್ಟೀಯ, ಕಿತ್ ಬಿಸಾಕ್ತೀನಿ ನೋಡು ಅಂತ. ಈಗ ಕೇಳಿದ್ರೆ ನಾನಲ್ಲ ಅಂತಾನೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಗಂಡ ಸತ್ತಾಗ ನನ್ನ ಮಕ್ಳಿಗೆ ಅನ್ನ ಹಾಕಿದ ಕೈ ಅದು. ಆ ಬಾಗ್ಲಿಗೇ ಹಿಡಿ ಮಣ್ಣು ತೂರಿ ಬಂದೀನಿ. ಇನ್ ಆ ಮನೆಗೂ ನನಗೂ ಋಣ ಹರೀತು."

ಮಧುಕೇಶ ನನ್ನ ಹಿಡಿಗಳನ್ನು ಹಿಡಿದು ಆ ಮಣ್ಣಿನ ಗುಡ್ಡೆಗಳನ್ನೇ ನೋಡಿದ. ಹೇಳು, ಹೇಳಿಬಿಡು ಎಂದು ನಾನು ಒಳಗೇ ಕೂಗಿಕೊಂಡೆ. ಅವನು "ಅಯ್ಯೋ, ಹಂಗಾ ತಾಯಿ" ಅಂದ. ಅಷ್ಟೇ ಅಂದು ನನ್ನನ್ನು ತಿರುಗಿಸಿಕೊಂಡು ಹೊರಟ. ನನಗೆ ನನ್ನ ಮೈಯೇ ಅಸಹ್ಯವಾಯಿತು.

ಅಂದಿನಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೊಳೆಗೆ ನೇತುಬಿದ್ದೆ. ಗಾಳಿ ಇಳಿಯಿತು, ಚೈನು ತುಕ್ಕು ಹಿಡಿಯಿತು. ಮಧುಕೇಶನಿಂದ ವಿಷಯ ತಿಳಿದಿದ್ದ ಸಿರಾಜ್ ಬಂದಾಗಲೆಲ್ಲ ಅದೇ ಜಗಳ.

"ಎತ್ತಿದ್ದು ನೀನು, ನೋಡ್ತಾ ನಿಂತಿದ್ದು ನಾನು. ಆ ಮುದುಕ ಪಾಲಯ್ಯ ಏನ್ ಮಾಡಿದ್ದ ಗುರು? ಕಂಬ್ಳಿ ಹೊದ್ದೋರು ಯಾರಾದ್ರೂ ಅಂಗಡಿಗೆ ಬಂದ್ರೆ ನೀನು ಒಳಗೆ ಬಂದು ಕೂರ್ತೀಯ. ಎಷ್ಟ್ ದಿನ ಹಿಂಗೆ?"

"ಹೋಗೋಣ ಇರು" ಅನ್ನುತ್ತಿದ್ದ ಮಧುಕೇಶ. ಹೀಗೇ ಒಂದು ಮಳೆಗಾಲ ಕಳೆಯಿತು.

ಕೊನೆಗೊಂದು ದಿನ ಏನನ್ನಿಸಿತೋ, ನನ್ನನ್ನು ಇಳಿಸಿದ, ಗಾಳಿ ತುಂಬಿಸಿದ. ಗುಡ್ಡದ ಕಡೆ ತಿರುಗಲಿಲ್ಲ. ಮಟಮಟ ಮಧ್ಯಾಹ್ನ, ಗುಡ್ಡದ ಕೆಳಗಿನ ಊರಿನ ಬೀದಿಯಲ್ಲೇ ಹೋಗಿ ಕಾಟಮ್ಮನ ಮನೆ ಯಾವುದೆಂದು ಕೇಳಿ ಬಾಗಿಲಲ್ಲಿ ನಿಂತ. ಆ ಊರಿನಲ್ಲಿ ಅವನು ಕೇಳಿ ಕಾಲಿಟ್ಟದ್ದು ಅದೇ ಮೊದಲು.

ಹೇಳಿದ. ಎಲ್ಲವನ್ನೂ ಹೇಳಿದ. ದುಡ್ಡು ತೆಗೆಯಲು ಅವನ ಕೈ ಜೇಬಿಗೆ ಹೋದದ್ದು ಕಂಡು ಕಾಟಮ್ಮ ಗದರಿದಳು.

"ಕೈ ತೆಗಿ ಆಚೆ. ನನ್ತಾವ ಹೇಳಿ ಏನ್ ಬಂತು? ನಡಿ, ನಮ್ ಭಾವನ ಬಾಗ್ಲಾಗೆ ಹೇಳು."

ನನ್ನನ್ನು ಅವನ ಕೈಯಿಂದ ಕಿತ್ತುಕೊಂಡಳು. "ಕಂಡೋರ ಬೆಳೆಗೆ ನುಗ್ಗಿದ ದನಾನ ದೊಡ್ಡಿಗೆ ಕಟ್ತೀವಿ. ಇದೂ ಅಷ್ಟೇ."

ಪಾಲಯ್ಯ ಜಗಲಿಯ ಮೇಲೆ ಉಣ್ಣೆ ನೂಲುತ್ತಾ ಕೂತಿದ್ದ. ಬಡಕಲು ಮುದುಕ. ಕಾಟಮ್ಮ ಕುರಿ ಕಟ್ಟುವ ಹಗ್ಗದಲ್ಲಿ ನನ್ನನ್ನು ಅವನ ಜಗಲಿಯ ಕಂಬಕ್ಕೆ ಬಿಗಿದಳು. ಅಕ್ಕಪಕ್ಕದವರು ಬಂದು ನಿಂತರು. ಮಧುಕೇಶ ತಲೆತಗ್ಗಿಸಿ ಮತ್ತೊಮ್ಮೆ ಎಲ್ಲವನ್ನೂ ಹೇಳಿದ. ಮಾತು ಮುಗಿಯುವವರೆಗೂ ಪಾಲಯ್ಯನ ಕೈಯ ನೂಲು ನಿಲ್ಲಲಿಲ್ಲ.

"ತಪ್ಪಾಯ್ತು ಭಾವ" ಅಂದಳು ಕಾಟಮ್ಮ. "ನೀನಲ್ಲ ಅಂತ ಈಗ ಗೊತ್ತಾಯ್ತು."

ಪಾಲಯ್ಯ ಮಧುಕೇಶನ ಕಡೆ ನೋಡಲೇ ಇಲ್ಲ. ಅವಳನ್ನೇ ನೋಡಿದ.

"ನಾನಲ್ಲ ಅಂತ ನಾನೇ ಹೇಳಿದ್ನಲ್ಲ ಕಾಟಮ್ಮ. ಇವನ್ ಬಂದು ಹೇಳ್ಬೇಕಾಯ್ತಾ ನಿಂಗೆ?"

ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಕಾಟಮ್ಮ ಜಗಲಿಯ ಕೆಳಗೆ ಕುಸಿದು ಕೂತಳು. ಮಧುಕೇಶ ಏನೋ ಹೇಳಲು ಹೋದ, ಯಾರೂ ಕೇಳಿಸಿಕೊಳ್ಳಲಿಲ್ಲ. ನನ್ನನ್ನು ಬಿಟ್ಟು ಬಸ್ಸಿಗೆ ನಡೆದ. ಆಮೇಲೆ ಬಿಡಿಸಿಕೊಳ್ಳಲು ಬರಲೇ ಇಲ್ಲ.

ಇದೆಲ್ಲ ಆಗಿ ವರ್ಷಗಳಾದವು. ನೀಲಿ ಬಣ್ಣ ಹೋಯಿತು, ಟೈರು ಬಿರಿಯಿತು, ಪೆಡಲುಗಳನ್ನು ಯಾರೋ ಬಿಚ್ಚಿಕೊಂಡು ಹೋದರು. ಪಾಲಯ್ಯ ನನ್ನನ್ನು ಗುಜರಿಗೆ ಹಾಕಿಲ್ಲ, ಕಂಬದಿಂದ ಬಿಚ್ಚಿಯೂ ಇಲ್ಲ. ಎಲ್ಲವನ್ನೂ ನೋಡಿ ಸುಮ್ಮನಿದ್ದದ್ದು ನಾನು, ಬಾಯಿಬಿಟ್ಟು ಹೇಳಿಯೂ ನಂಬಿಕೆ ಗಿಟ್ಟದೆ ಹೋದದ್ದು ಅವನಿಗೆ. ಅವನ ಮನೆಯ ಮುಂದೆಯೇ ನಾನು ಮುದಿಯಾಗುತ್ತಿರುವುದು ನ್ಯಾಯವೇ ಅನ್ನಿಸುತ್ತದೆ.

ದಿನಾ ಮಧ್ಯಾಹ್ನ ಕಾಟಮ್ಮ ಒಂದು ಲೋಟ ಮಜ್ಜಿಗೆ ತರುತ್ತಾಳೆ. "ಭಾವ, ಮಜ್ಜಿಗೆ ಇಟ್ಟೀನಿ" ಎಂದು ಜಗಲಿಯ ಮೇಲಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಅವನು ನೂಲುತ್ತಲೇ ಇರುತ್ತಾನೆ. ಮೊದಮೊದಲು ಮಜ್ಜಿಗೆ ಲೋಟದಲ್ಲೇ ಕೆಡುತ್ತಿತ್ತು. ಈಗೀಗ, ಅವಳು ಬೀದಿ ತಿರುಗಿದ ಮೇಲೆ ಕುಡಿಯುತ್ತಾನೆ, ಲೋಟ ತೊಳೆದು ನನ್ನ ಸೀಟಿನ ಮೇಲೆ ಬೋರಲು ಹಾಕುತ್ತಾನೆ. ಮರುದಿನ ಅವಳು ಬಂದು ಅದನ್ನು ಎತ್ತಿಕೊಳ್ಳುತ್ತಾಳೆ. ಅವನಿಂದ ಮಾತು ಇನ್ನೂ ಬಂದಿಲ್ಲ.